ಒಂದು ಬಕೆಟ್ ನೀರಲ್ಲಿ ಎಷ್ಟು ಅಂಗಡಿ ಗಾಜು? ಇಲ್ಲಿದೆ ಗಾಜು ಒರೆಸೋರ ನೀರಿನ ಲೆಕ್ಕ

ಮಸ್ಕಿ: ಬೆಳಿಗ್ಗೆ ಒರೆಸಿದ ಅಂಗಡಿ ಗಾಜು ಹತ್ತು ಗಂಟೆ ಬಿಸಿಲಿಗೆ ಬಿಳಿ ಬಿಳಿ ಕಲೆ ತೋರಿಸಿದರೆ ಬೈಗುಳ ಬೀಳೋದು ಯಾರಿಗೆ? ಒರೆಸಿದವರಿಗೆ. ಸರಿಯಾಗಿ ಉಜ್ಜಿಲ್ಲ, ಅವಸರ ಮಾಡಿದ್ದಾರೆ ಅಂತ ಹತ್ತಿಪ್ಪತ್ತು ರೂಪಾಯಿ ಹಿಡಿದುಕೊಂಡು ಕೊಡೋದು, ಇಲ್ಲಾಂದ್ರೆ ಇನ್ನೊಮ್ಮೆ ಒರೆಸಿ ಹೋಗು ಅನ್ನೋದು ಮಾಮೂಲು. ಆದರೆ ಬಹಳ ಸಲ ತಪ್ಪು ಕೈಯದ್ದಲ್ಲ, ಬಕೆಟ್‌ನಲ್ಲಿರೋ ನೀರಿನದ್ದು. ಆ ನೀರನ್ನು ಎಲ್ಲಿಂದ ತರಬೇಕು, ಎಷ್ಟು ಹೊತ್ತು ಬಳಸಬೇಕು, ಯಾವಾಗ ಚೆಲ್ಲಬೇಕು ಅನ್ನೋದೇ ಈ ಕೆಲಸದ ಅರ್ಧ ವಿದ್ಯೆ. ನಮ್ಮ ಕಡೆ ಗಾಜು ಒರೆಸೋ ಕೂಲಿ ಮಾತಾಡುವಾಗ ನೀರಿನ ಮಾತು ಬರೋದೇ ಇಲ್ಲ. ನಷ್ಟ ಅಲ್ಲಿಂದಲೇ ಶುರುವಾಗುತ್ತೆ.

ಬೆಂಗಳೂರಿನಂತೆ ಹಗ್ಗಕ್ಕೆ ಜೋತುಬಿದ್ದು ಇಪ್ಪತ್ತು ಮಹಡಿ ಗಾಜು ತೊಳೆಯೋ ಕಂಪನಿಗಳು ಮಸ್ಕಿ, ಸಿಂಧನೂರು, ಲಿಂಗಸುಗೂರು ಕಡೆ ಇಲ್ಲ. ಇಲ್ಲಿ ಈ ಕೆಲಸ ಮಾಡೋರು ಬೇರೆ. ಬ್ಯಾಂಕ್, ಎಟಿಎಂಗಳ ಹೌಸ್‌ಕೀಪಿಂಗ್‌ನವರು, ಬಟ್ಟೆ ಅಂಗಡಿ ಮತ್ತು ಮೊಬೈಲ್ ಅಂಗಡಿಯ ಹುಡುಗರು, ಪೇಂಟ್ ಕೆಲಸ ಮುಗಿಸಿ ಹೊಸ ಮನೆಯ ಕಿಟಕಿ ತೊಳೆದು ಕೊಡೋ ಪೇಂಟರ್‌ಗಳು, ನರ್ಸಿಂಗ್ ಹೋಂ, ಮನೆಗಳಲ್ಲಿ ಕೆಲಸ ಮಾಡೋ ಹೆಣ್ಣುಮಕ್ಕಳು. ದಸರಾ, ದೀಪಾವಳಿ, ಯುಗಾದಿ ಬಂತೆಂದರೆ ಒಂದೇ ದಿನದಲ್ಲಿ ಐದಾರು ಕಡೆ ಕೆಲಸ. ಎಲ್ಲರ ಕೈಯಲ್ಲೂ ಇರೋದು ಒಂದು ಬಕೆಟ್, ಒಂದು ಬಟ್ಟೆ, ಒಂದು ವೈಪರ್.

ಮೂರು ಥರದ ನೀರು

ಮಸ್ಕಿ, ಸಿಂಧನೂರು ಭಾಗದಲ್ಲಿ ಬಕೆಟ್‌ಗೆ ಬೀಳೋ ನೀರು ಮೂರು ಥರ.

ಒಂದು, ಕಾಲುವೆ ಮೂಲದ ನೀರು. ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಬರೋ ತುಂಗಭದ್ರೆಯ ನೀರು ಎಡದಂಡೆ ಕಾಲುವೆಯಲ್ಲಿ ಹರಿದು ಈ ಭಾಗಕ್ಕೆ ಬರುತ್ತೆ. ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಂಡು ನಳಕ್ಕೆ ಬಿಡೋ ಊರುಗಳು ಇಲ್ಲಿ ಹಲವು. ಈ ನೀರಲ್ಲಿ ಸುಣ್ಣದ ಅಂಶ ಕಡಿಮೆ, ಆದರೆ ಮಳೆಗಾಲದಲ್ಲಿ ಕೆಂಪು ರಾಡಿ ಇರುತ್ತೆ.

ಎರಡು, ಬೋರ್ ನೀರು. ಇದು ನೋಡೋಕೆ ತಿಳಿ, ಆದರೆ ಬಹಳ ಕಡೆ ಸವಳು. ಬಂಡೆ, ಮಣ್ಣಿನ ಪದರದಲ್ಲಿ ವರ್ಷಗಟ್ಟಲೆ ಇಳಿದು ನಿಂತ ನೀರಿಗೆ ಕ್ಯಾಲ್ಸಿಯಂ, ಮೆಗ್ನೀಶಿಯಂ ಲವಣ ಕರಗಿ ಸೇರಿಕೊಂಡಿರುತ್ತೆ. ಮನೆಯಲ್ಲಿ ಹಂಡೆ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟೋದು ಇದರಿಂದಲೇ.

ಮೂರು, ಶುದ್ಧ ಕುಡಿಯುವ ನೀರಿನ ಘಟಕದ ನೀರು, ಅಂದರೆ ಆರ್‌ಒ ನೀರು. ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳೋದು ಈಗ ಹಳ್ಳಿ ಹಳ್ಳಿಯಲ್ಲೂ ಕಾಣುತ್ತೆ. ಇದರಲ್ಲಿ ಲವಣ ತೀರಾ ಕಡಿಮೆ.

ತಮಾಷೆ ಅಂದರೆ ಕಣ್ಣಿಗೆ ಕೊಳಕಾಗಿ ಕಾಣೋ ಕಾಲುವೆ ನೀರು ಗಾಜಿಗೆ ಒಳ್ಳೇದು, ಸ್ಫಟಿಕದಂಗೆ ಕಾಣೋ ಬೋರ್ ನೀರು ಕೆಟ್ಟದ್ದು. ಕಾಲುವೆ ನೀರನ್ನು ರಾತ್ರಿ ಬಕೆಟ್‌ನಲ್ಲಿ ತುಂಬಿಟ್ಟು ಪಟಕ ಒಂದೆರಡು ಸುತ್ತು ತಿರುಗಿಸಿದರೆ ಬೆಳಗಾಗೋದ್ರೊಳಗೆ ರಾಡಿ ತಳಕ್ಕೆ ಕೂರುತ್ತೆ. ಮೇಲಿನ ತಿಳಿ ನೀರನ್ನು ಬಸಿದುಕೊಂಡರೆ ಸಾಕು. ಬೋರ್ ನೀರನ್ನು ವಾರಗಟ್ಟಲೆ ಇಟ್ಟರೂ ಅದರಲ್ಲಿ ಕರಗಿರೋ ಉಪ್ಪು ಕೆಳಗೆ ಕೂರೋದಿಲ್ಲ.

ಬೇಸಿಗೆಯಲ್ಲಿ ಕಾಲುವೆ ನಿಂತಾಗ ಕೆರೆ ನೀರನ್ನು ಕುಡಿಯೋಕೆ ಹಿಡಿದಿಟ್ಟುಕೊಳ್ಳಬೇಕು, ಬಳಸೋಕೆ ಬೋರೇ ಗತಿ. ಗಾಜಿನ ಮೇಲೆ ಬಿಳಿ ಕಲೆ ಜಾಸ್ತಿ ಆಗೋದೂ ಆಗಲೇ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ರೈತರು ಬೆಳೆಯ ಚಿಂತೆ ಮಾಡಿದರು. ಆ ಚಿಂತೆ ಗದ್ದೆಯಲ್ಲೇ ಮುಗಿಯೋದಿಲ್ಲ. ಡ್ಯಾಂನಲ್ಲಿ ನೀರು ಕಡಿಮೆಯಾದರೆ ಅದರ ಬಿಸಿ ಕೊನೆಗೆ ಪ್ಯಾಟೆಯ ಒಂದು ಬಕೆಟ್‌ವರೆಗೂ ಬಂದು ಮುಟ್ಟುತ್ತೆ.

ಬಿಳಿ ಕಲೆ ಯಾಕೆ ಬರುತ್ತೆ?

ನೀರು ಒಣಗುತ್ತೆ, ಅದರಲ್ಲಿದ್ದ ಉಪ್ಪು ಒಣಗಿ ಹೋಗೋದಿಲ್ಲ. ಗಾಜಿನ ಮೇಲೆ ಉಳಿಯೋ ಬಿಳಿ ಚುಕ್ಕೆ ಅದೇ.

ಲೆಕ್ಕ ಹಾಕಿ ನೋಡಿ. ನೀರಲ್ಲಿ ಕರಗಿರೋ ಒಟ್ಟು ಲವಣವನ್ನು ಟಿಡಿಎಸ್ ಅಂತಾರೆ. ಕುಡಿಯೋ ನೀರಿಗೆ ಭಾರತೀಯ ಮಾನಕ ಸಂಸ್ಥೆ ಹೇಳೋ ಮಿತಿ ಲೀಟರ್‌ಗೆ 500 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ದರೆ 2000ದವರೆಗೂ ಒಪ್ಪುತ್ತೆ. ನಿಮ್ಮ ಬೋರ್ ನೀರಿನ ಟಿಡಿಎಸ್ 1000 ಅಂತ ಇಟ್ಟುಕೊಳ್ಳಿ. ಬಟ್ಟೆಯಿಂದ ತೊಳೆದು ಬಿಟ್ಟಾಗ ದೊಡ್ಡ ಗಾಜಿನ ಮೇಲೆ ಒಂದು ಲೋಟ, ಅಂದರೆ 200 ಮಿಲಿಲೀಟರ್ ನೀರು ಉಳಿದು ಒಣಗಿದರೆ 200 ಮಿಲಿಗ್ರಾಂ ಉಪ್ಪು ಗಾಜಿಗೆ ಅಂಟಿತು. ಅದೇ ನೀರನ್ನು ರಬ್ಬರ್ ವೈಪರ್‌ನಿಂದ ಎಳೆದು ಬರೀ 10 ಮಿಲಿಲೀಟರ್ ಉಳಿಸಿದರೆ ಅಂಟೋದು 10 ಮಿಲಿಗ್ರಾಂ ಮಾತ್ರ. ಅದನ್ನೂ ಒಣ ಬಟ್ಟೆ ಎತ್ತಿಕೊಳ್ಳುತ್ತೆ.

ಈಗ ಟಿಡಿಎಸ್ 50 ಇರೋ ಆರ್‌ಒ ನೀರು ತಗೊಳ್ಳಿ. 200 ಮಿಲಿಲೀಟರ್ ಪೂರ್ತಿ ಗಾಜಿನ ಮೇಲೆ ಒಣಗಿದರೂ ಉಳಿಯೋದು ಅದೇ 10 ಮಿಲಿಗ್ರಾಂ.

ಅಂದರೆ ಕಲೆ ತಪ್ಪಿಸೋಕೆ ದಾರಿ ಎರಡೇ. ಗಾಜಿನ ಮೇಲೆ ನೀರು ಒಣಗೋಕೆ ಬಿಡಬಾರದು, ಇಲ್ಲಾಂದ್ರೆ ಕೊನೆಗೆ ಹಾಕೋ ನೀರು ಸಿಹಿ ನೀರಾಗಿರಬೇಕು. ಇನ್ನೂ ಎರಡು ಕೊಡ ಸವಳು ನೀರು ಸುರಿದರೆ ಕಲೆ ಹೋಗೋದಿಲ್ಲ, ಇನ್ನಷ್ಟು ಕೂರುತ್ತೆ.

ನೀರು ಸವಳೋ ಸಿಹಿಯೋ ತಿಳಿಯೋಕೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಅರ್ಧ ಬಾಟಲಿ ನೀರಿಗೆ ಮೈ ಸೋಪಿನ ಸಣ್ಣ ಚೂರು ಹಾಕಿ ಜೋರಾಗಿ ಕುಲುಕಿ. ಬುರುಗು ಚೆನ್ನಾಗಿ ಎದ್ದರೆ ಸಿಹಿ ನೀರು. ಬುರುಗು ಬಾರದೆ ಮೊಸರೊಡೆದಂಗೆ ಬಿಳಿ ಕೆನೆ ತೇಲಿದರೆ ಸವಳು. ಪೆನ್ನಿನಂಥ ಟಿಡಿಎಸ್ ಮೀಟರ್ ಕೂಡ ಕೆಲವು ನೂರು ರೂಪಾಯಿಗೆ ಸಿಗುತ್ತೆ.

ಎರಡು ಬಕೆಟ್ ಲೆಕ್ಕ

ಒಂದೇ ಬಕೆಟ್ ಇಟ್ಟುಕೊಂಡು ಕೆಲಸ ಮಾಡೋರು ಮೊದಲ ಗಾಜಿನ ಧೂಳನ್ನು ಎರಡನೇ ಗಾಜಿಗೆ, ಎರಡನೆಯದ್ದನ್ನು ಮೂರನೆಯದ್ದಕ್ಕೆ ಹಚ್ಚುತ್ತಾ ಹೋಗ್ತಾರೆ. ಅದಕ್ಕೆ ಅನುಭವ ಇರೋರು ಎರಡು ಬಕೆಟ್ ಇಟ್ಟುಕೊಳ್ತಾರೆ. ಒಂದು ಸೋಪಿನ ನೀರು, ಇನ್ನೊಂದು ಬಟ್ಟೆ ಜಾಲಿಸೋಕೆ ಬರೀ ನೀರು.

ಎರಡು ಬಕೆಟ್ ಅಂದ್ರೆ ಎರಡು ಪಟ್ಟು ನೀರು ಬೇಕಲ್ಲ ಅನ್ನಿಸಬಹುದು. ಬೇಕಾಗಿಲ್ಲ. ಒಂದೊಂದು ಬಕೆಟ್‌ಗೆ 8 ಲೀಟರ್ ಹಾಕಿ, ದಿನಕ್ಕೆ ಆರು ಅಂಗಡಿ, ಎರಡು ಅಂಗಡಿಗೊಮ್ಮೆ ನೀರು ಬದಲು ಅಂತ ಹಿಡಿಯೋಣ. ಪ್ರತಿ ಸಲ ಎರಡೂ ಬಕೆಟ್ ಚೆಲ್ಲಿ ಹೊಸದು ತುಂಬಿದರೆ ಮೂರು ಸಲಕ್ಕೆ 48 ಲೀಟರ್. ಅದರ ಬದಲು ಸೋಪಿನ ಬಕೆಟ್ ಮಾತ್ರ ಚೆಲ್ಲಿ, ಜಾಲಿಸಿದ ನೀರಿಗೇ ನಾಲ್ಕು ಹನಿ ಸೋಪು ಹಾಕಿ ಅದನ್ನು ಮುಂದಿನ ಸೋಪಿನ ಬಕೆಟ್ ಮಾಡಿಕೊಂಡು, ಖಾಲಿಯಾದ ಬಕೆಟ್‌ಗೆ ಹೊಸ ನೀರು ತುಂಬಿದರೆ? ಮೊದಲು 16, ಆಮೇಲೆ 8, ಮತ್ತೆ 8. ಒಟ್ಟು 32 ಲೀಟರ್. ಉಳಿದದ್ದು 16 ಲೀಟರ್, ಹೆಚ್ಚುಕಮ್ಮಿ ಒಂದು ಕೊಡ. ನಾಲ್ಕು ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ನಳ ಬರೋ ಓಣಿಯಲ್ಲಿ ಒಂದು ಕೊಡದ ಬೆಲೆ ಏನು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ.

ಭಾರದ ಲೆಕ್ಕವೂ ಇದೆ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಕೆಳಗಿನ ಸಂಪಿನಿಂದ ಎರಡನೇ ಮಹಡಿಗೆ 15 ಲೀಟರ್ ಬಕೆಟ್ ಒಯ್ಯೋದು ಅಂದರೆ ಪ್ರತಿ ಸಲ 15 ಕೆಜಿ ಹೊತ್ತು ಮೆಟ್ಟಿಲು ಹತ್ತಿದಂಗೆ. ಅರ್ಧ ತುಂಬಿದ ಎರಡು ಬಕೆಟ್ ಎರಡು ಕೈಗೆ ಹಂಚಿದರೆ ಸೊಂಟಕ್ಕೆ ಅಷ್ಟು ಏಟು ಬೀಳಲ್ಲ.

ನೀರು ಚೆಲ್ಲೋ ಹೊತ್ತು ಯಾವುದು?

ಇದಕ್ಕೆ ಗಡಿಯಾರ ಬೇಡ. ಬಕೆಟ್‌ನಲ್ಲಿ ಕೈ ಮುಳುಗಿಸಿದಾಗ ಮಣಿಕಟ್ಟಿನ ಆಳಕ್ಕೆ ಬೆರಳು ಕಾಣದಿದ್ದರೆ ಆ ನೀರು ಗಾಜಿಗೆ ಮುಗೀತು. ನೀರು ತಿಳಿಯಿದ್ದರೂ ಒರೆಸಿದ ಜಾಗದಲ್ಲಿ ಮಂಜು ಹಿಡಿದಂಗೆ ಪಟ್ಟೆ ಕಂಡರೆ ಸೋಪು ಜಾಸ್ತಿಯಾಗಿದೆ ಅಂತರ್ಥ. ಬೆರಳಿಗೆ ಮರಳು ಗರಗರ ಅಂದರೆ ತಕ್ಷಣ ಬದಲಿಸಬೇಕು. ಆ ಮರಳಿನ ಕಣ ಬಟ್ಟೆಗೆ ಹತ್ತಿದರೆ ಗಾಜಿಗೆ ಗೀರು ಬೀಳುತ್ತೆ, ವೈಪರ್ ರಬ್ಬರ್ ಹರಿಯುತ್ತೆ. ಗೀರು ಬಿದ್ದ ಗಾಜಿನ ದಂಡ ಕೂಲಿಗಿಂತ ಎಷ್ಟೋ ಪಟ್ಟು ಜಾಸ್ತಿ.

ನೀರು ಬೇಗ ಕೊಳೆಯಾಗದಂಗೆ ನೋಡಿಕೊಳ್ಳೋಕೆ ಸುಲಭದ ಮೂರು ಉಪಾಯ ಇವೆ.

ಮೊದಲು ಒಣ ಬ್ರಷ್ ಅಥವಾ ಒಣ ಬಟ್ಟೆಯಿಂದ ಧೂಳು ಝಾಡಿಸಬೇಕು. ಎರೆಮಣ್ಣಿನ ಧೂಳು, ಭತ್ತದ ಸುಗ್ಗಿಯಲ್ಲಿ ಟ್ರಾಕ್ಟರ್, ಲಾರಿ ಹಿಂದೆ ಏಳೋ ಹೊಟ್ಟು, ಎಲ್ಲ ಬಂದು ಕೂರೋದು ಗಾಜಿನ ಚೌಕಟ್ಟಿನ ಸಂದಿಯಲ್ಲಿ. ಅದು ಒಣಗಿದ್ದಾಗಲೇ ಉದುರಿದರೆ ಬಕೆಟ್‌ಗೆ ಬೀಳೋದೇ ಇಲ್ಲ. ಒದ್ದೆಯಾದರೆ ಎರೆಮಣ್ಣು ಬೆಣ್ಣೆಯಂಗೆ ಮೆತ್ತಿಕೊಳ್ಳುತ್ತೆ.

ಎರಡನೆಯದು, ತೂತಿರೋ ಹಳೆ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಬಕೆಟ್ ತಳದಲ್ಲಿ ಬೋರಲು ಹಾಕೋದು. ಮರಳು ತೂತಿನಿಂದ ಕೆಳಗೆ ಇಳಿದು ಅಲ್ಲೇ ಕೂರುತ್ತೆ, ಬಟ್ಟೆ ತಳ ಮುಟ್ಟಲ್ಲ. ಕಾರು ತೊಳೆಯೋರು ಇದಕ್ಕಂತಲೇ ಜಾಲರಿ ಕೊಳ್ತಾರೆ, ಹಳೆ ಬುಟ್ಟಿ ಅದೇ ಕೆಲಸ ಮಾಡುತ್ತೆ.

ಮೂರನೆಯದು ಸರದಿ. ಮೇಲಿನ ಗಾಜು ಮೊದಲು, ರಸ್ತೆ ಮಟ್ಟದ್ದು ಆಮೇಲೆ. ಒಳಗಿನ ಮುಖ ಮೊದಲು, ಹೊರಮುಖ ಆಮೇಲೆ. ಕಿಟಕಿಯ ಹಳಿ, ಶಟರ್ ಕೆಳಗಿನ ಪಟ್ಟಿ ಎಲ್ಲಕ್ಕಿಂತ ಕೊನೆಗೆ, ಚೆಲ್ಲೋ ನೀರಿನಲ್ಲೇ.

ಬಿಸಿಲು ಯಾವ ಕಡೆ?

ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟೋದು ಹೊಸದೇನಲ್ಲ. ಬಿಸಿಲು ಬಿದ್ದ ಗಾಜಿಗೆ ನೀರು ಹಚ್ಚಿದರೆ ವೈಪರ್ ಎತ್ತಿಕೊಳ್ಳೋದ್ರೊಳಗೆ ಒಣಗಿ ಕಲೆ ಕೂತಿರುತ್ತೆ. ಮತ್ತೆ ಒದ್ದೆ ಮಾಡಬೇಕು, ಮತ್ತೆ ಎಳೆಯಬೇಕು. ಒಂದು ಗಾಜಿಗೆ ಎರಡು ಗಾಜಿನ ನೀರು.

ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗೋ ಹೆದ್ದಾರಿ ಹೆಚ್ಚುಕಮ್ಮಿ ಆಗ್ನೇಯದಿಂದ ವಾಯವ್ಯಕ್ಕೆ ಸಾಗುತ್ತೆ. ಹಾಗಾಗಿ ರಸ್ತೆಯ ಒಂದು ಬದಿಯ ಅಂಗಡಿಗಳಿಗೆ ಬೆಳಗಿನ ಬಿಸಿಲು, ಎದುರು ಬದಿಯವಕ್ಕೆ ಮಧ್ಯಾಹ್ನದ ನಂತರದ ಬಿಸಿಲು. ಬೆಳಿಗ್ಗೆ ನೆರಳಿರೋ ಬದಿ ಮುಗಿಸಿ, ಇಳಿಹೊತ್ತಿನಲ್ಲಿ ಇನ್ನೊಂದು ಬದಿಗೆ ಹೋದರೆ ಅದೇ ಬಕೆಟ್ ನೀರು ಹೆಚ್ಚು ಅಂಗಡಿಗೆ ಬರುತ್ತೆ. ಆದರೆ ಅಂಗಡಿಯವರೆಲ್ಲ ಒಂಬತ್ತರೊಳಗೇ ಆಗಬೇಕು ಅಂದರೆ ಈ ಸರದಿ ಕೆಡುತ್ತೆ. ಒಂದು ಮಾತು ಮೊದಲೇ ಹೇಳಿಕೊಂಡರೆ ಇಬ್ಬರಿಗೂ ಒಳ್ಳೇದು.

ವೈಪರ್ ಮಾಡೋ ಉಳಿತಾಯ

ನೆಲ ಎಳೆಯೋ ದಪ್ಪ ವೈಪರ್ ಬೇರೆ, ಗಾಜಿಗಂತಲೇ ಬರೋ ತೆಳು ರಬ್ಬರಿನ ಕೈ ವೈಪರ್ ಬೇರೆ. ಇವತ್ತು ನಾವು ನೋಡೋ ಹಗುರ ವೈಪರ್ ಜಗತ್ತಿಗೆ ಬಂದದ್ದು 1930ರ ದಶಕದಲ್ಲಿ. ಇಟಲಿಯಿಂದ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋಗಿ ಕಿಟಕಿ ತೊಳೆಯೋ ಕೆಲಸ ಮಾಡ್ತಿದ್ದ ಎತ್ತೋರೆ ಸ್ಟೆಕ್ಕೋನೆ ಎಂಬಾತ ಹಿತ್ತಾಳೆ ಹಿಡಿಗೆ ಒಂದೇ ರಬ್ಬರ್ ಪಟ್ಟಿ ಕೂರಿಸಿ ಅದನ್ನು ಮಾಡಿದ. ಗಾಜು ತೊಳೆಯೋನೇ ಕಂಡುಹಿಡಿದ ಸಾಮಾನು ಅದು.

ಇದರಿಂದ ನೀರು ಹೇಗೆ ಉಳಿಯುತ್ತೆ? ಬಟ್ಟೆಯಲ್ಲಿ ಒರೆಸಿದರೆ ಕೊಳೆ ಬಟ್ಟೆಗೆ ಬರುತ್ತೆ, ಬಟ್ಟೆಯಿಂದ ಬಕೆಟ್‌ಗೆ ಹೋಗುತ್ತೆ, ಬಕೆಟ್‌ನಿಂದ ಮತ್ತೆ ಗಾಜಿಗೆ ಬರುತ್ತೆ. ವೈಪರ್ ಎಳೆದರೆ ಕೊಳೆನೀರು ಕೆಳಗಿನ ಅಂಚಿಗೆ ಇಳಿಯುತ್ತೆ. ಅಲ್ಲಿ ಹಳೆ ಬಟ್ಟೆ ಮಡಿಸಿಟ್ಟರೆ ಅದು ಬಕೆಟ್‌ಗೆ ವಾಪಸ್ ಬರೋದೇ ಇಲ್ಲ. ಪ್ರತಿ ಎಳೆತಕ್ಕೂ ರಬ್ಬರ್ ಅಂಚನ್ನು ಒಣ ಬಟ್ಟೆಯಿಂದ ಒರೆಸಿಕೊಳ್ಳಬೇಕು ಅಷ್ಟೇ.

ದೊಡ್ಡ ನಗರಗಳಲ್ಲಿ ಈಗ ಉದ್ದನೆ ಕೋಲಿನ ತುದಿಯ ಬ್ರಷ್‌ಗೆ ಪೈಪಿನಿಂದ ಶುದ್ಧೀಕರಿಸಿದ ನೀರು ಹರಿಸೋ ಯಂತ್ರ ಬಂದಿದೆ. ಆ ನೀರಲ್ಲಿ ಲವಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಒರೆಸದೆ ಬಿಟ್ಟರೂ ಕಲೆ ಇಲ್ಲ. ಆದರೆ ಕೆಲಸ ಮುಗಿಯೋವರೆಗೂ ನೀರು ಹರೀತಾನೇ ಇರಬೇಕು, ಅಷ್ಟು ಶುದ್ಧ ಮಾಡುವಾಗ ಒಂದಷ್ಟು ನೀರು ಹೊರಗೂ ಹೋಗುತ್ತೆ. ನೀರಿಗೆ ಪಾಳಿ ಹಚ್ಚೋ ಊರಿಗೆ ಇದು ಹೊಂದೋದಿಲ್ಲ. ನಮ್ಮ ಕಡೆಗೆ ಕೈ ವೈಪರೇ ಸರಿ.

ಕೊನೆಯ ಅರ್ಧ ಲೀಟರ್

ಆ ಯಂತ್ರದ ವಿದ್ಯೆಯನ್ನು ಮಾತ್ರ ಕಡಿಮೆ ನೀರಲ್ಲಿ ನಕಲು ಮಾಡಬಹುದು. ತೊಳೆಯೋದೆಲ್ಲ ಬೋರ್ ನೀರಲ್ಲೇ ಆಗಲಿ. ವೈಪರ್ ಎಳೆದ ಮೇಲೆ ಸ್ಪ್ರೇ ಬಾಟಲಿಯಲ್ಲಿ ಸಿಹಿ ನೀರು ತುಂಬಿಕೊಂಡು ಗಾಜಿಗೆ ತೆಳ್ಳಗೆ ಹೊಡೆದು ಇನ್ನೊಮ್ಮೆ ಎಳೆದರೆ ಮುಗೀತು. ಒಂದು ಅಂಗಡಿಗೆ ಅರ್ಧ ಲೀಟರ್ ಅಂದರೂ 20 ಲೀಟರ್ ಕ್ಯಾನ್ 40 ಅಂಗಡಿಗೆ ಬರುತ್ತೆ. ಕುಡಿಯೋ ನೀರು ಚೆಲ್ಲಿದಂಗೂ ಆಗೋದಿಲ್ಲ.

ಇನ್ನೊಂದು ಪುಕ್ಕಟೆ ಮೂಲ ಇದೆ, ಎಸಿ ಪೈಪ್. ಬ್ಯಾಂಕ್, ಬಂಗಾರದ ಅಂಗಡಿ, ನರ್ಸಿಂಗ್ ಹೋಂಗಳ ಹಿಂಬದಿ ಗೋಡೆಗೆ ತೊಟ್ಟಿಕ್ಕೋ ಆ ನೀರು ಗಾಳಿಯ ತೇವ ತಂಪಾಗಿ ಹನಿಯಾದದ್ದು. ನೆಲದ ಉಪ್ಪು ಅದಕ್ಕೆ ಸೋಕಿರಲ್ಲ. ಗಾಜಿಗೆ ಕೊನೆಯ ಕೈ ಹಾಕೋಕೆ ಬಹಳ ಒಳ್ಳೇದು. ಪೈಪ್ ಕೆಳಗೆ ಒಂದು ಕ್ಯಾನ್ ಇಟ್ಟರಾಯಿತು. ಒಣ ಬೇಸಿಗೆಯಲ್ಲಿ ಹನಿ ಕಡಿಮೆ, ಮಳೆಗಾಲದಲ್ಲಿ ಜಾಸ್ತಿ. ಆದರೆ ಇದನ್ನು ಕುಡಿಯಬಾರದು. ಎಸಿ ಒಳಗಿನ ಧೂಳು, ಪಾಚಿ ಅದರಲ್ಲಿ ಸೇರಿರುತ್ತೆ.

ಆರ್‌ಒ ಯಂತ್ರದಿಂದ ಹೊರಬೀಳೋ ವೇಸ್ಟ್ ನೀರನ್ನು ಮಾತ್ರ ಗಾಜಿಗೆ ಬಳಸಬೇಡಿ. ಮನೆಯ ಸಣ್ಣ ಯಂತ್ರದಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಹೋಗೋದು ಸಾಮಾನ್ಯ. ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತೆ, ಬೋರ್ ನೀರಿಗಿಂತ ಸವಳು. ಮೆಟ್ಟಿಲು, ಪಾಯಿಖಾನೆ ತೊಳೆಯೋಕೆ ಅಡ್ಡಿಯಿಲ್ಲ.

ಸೋಪು, ವಿನೆಗರ್, ಆಸಿಡ್

ಸವಳು ನೀರಿಗೆ ಬಟ್ಟೆ ಸೋಪು ಹಾಕಿದರೆ ಜಿಡ್ಡು ಕೆನೆ ಗಾಜಿಗೆ ಅಂಟುತ್ತೆ. ಅದರ ಬದಲು 8 ಲೀಟರ್‌ಗೆ ಒಂದು ಚಮಚ ಪಾತ್ರೆ ತೊಳೆಯೋ ಲಿಕ್ವಿಡ್, ಇಲ್ಲಾಂದ್ರೆ ಒಂದು ರೂಪಾಯಿಯ ಶಾಂಪೂ ಪ್ಯಾಕೆಟ್ ಸಾಕು. ಬುರುಗು ಜಾಸ್ತಿ ಆದಷ್ಟೂ ಜಾಲಿಸೋ ನೀರು ಜಾಸ್ತಿ ಬೇಕು.

ಹಳೆ ಬಿಳಿ ಕಲೆ ಸೋಪಿಗೆ ಬಗ್ಗಲ್ಲ. ಗೋಬಿ ಮಂಚೂರಿ ಗಾಡಿಯಲ್ಲಿ ಬಳಸೋ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹಚ್ಚಿ, ಐದು ನಿಮಿಷ ಬಿಟ್ಟು ಒರೆಸಿದರೆ ಸುಣ್ಣದ ಕಲೆ ಕರಗುತ್ತೆ. ನಿಂಬೆಹಣ್ಣೂ ಆಗುತ್ತೆ. ಕೆಳಗೆ ಶಹಾಬಾದ್ ಪರಸಿ ಅಥವಾ ಕಡಪ ಕಲ್ಲು ಇದ್ದರೆ ಜೋಪಾನ. ಅವು ಸುಣ್ಣದ ಕಲ್ಲುಗಳು, ಹುಳಿ ಬಿದ್ದಲ್ಲಿ ಹೊಳಪು ಹೋಗುತ್ತೆ. ಹಳೆ ಗೋಣಿಚೀಲ ಹಾಸಿಕೊಂಡು ಕೆಲಸ ಮಾಡಬೇಕು.

ಪಾಯಿಖಾನೆ ಆಸಿಡ್ ಬೇಗ ಕೆಲಸ ಮಾಡುತ್ತೆ ಅಂತ ಗಾಜಿಗೆ ಹಾಕೋರೂ ಇದ್ದಾರೆ. ಅದು ಅಲ್ಯುಮಿನಿಯಂ ಚೌಕಟ್ಟು ತಿನ್ನುತ್ತೆ, ಕೈ ಸುಡುತ್ತೆ. ಆ ಬಕೆಟ್‌ನಲ್ಲಿ ಬ್ಲೀಚಿಂಗ್ ಪೌಡರ್ ಉಳಿದಿದ್ದರೆ ವಿಷವಾದ ಕ್ಲೋರಿನ್ ಗಾಳಿ ಏಳುತ್ತೆ. ಮುಚ್ಚಿದ ಎಟಿಎಂ ಕೋಣೆಯಲ್ಲಿ ಇದು ಜೀವಕ್ಕೇ ಅಪಾಯ.

ಏಣಿ ಮೇಲೆ ಬಕೆಟ್ ಹಿಡಿದು ಹತ್ತಬಾರದು, ಎರಡೂ ಕೈ ಏಣಿಗೆ ಬೇಕು. ಮೇಲಕ್ಕೆ ಸ್ಪ್ರೇ ಬಾಟಲಿ ಸಾಕು. ಎಲ್‌ಇಡಿ ಬೋರ್ಡ್ ಇರೋ ಅಂಗಡಿಯಲ್ಲಿ ಮೊದಲು ಕರೆಂಟ್ ಬಂದ್ ಮಾಡಿಸಿ ಆಮೇಲೆ ನೀರು ಮುಟ್ಟಬೇಕು.

ಚೆಲ್ಲೋ ನೀರೂ ಲೆಕ್ಕಕ್ಕೆ ಬರುತ್ತೆ

ಗಾಜಿಗೆ ಮುಗಿದ ನೀರು ಎಲ್ಲದಕ್ಕೂ ಮುಗಿದಂಗಲ್ಲ. ಅದರಲ್ಲೇ ಶಟರ್ ಪಟ್ಟಿ, ಆಮೇಲೆ ಮೆಟ್ಟಿಲು, ಕೊನೆಗೆ ಅಂಗಡಿ ಮುಂದೆ ಧೂಳೇಳದಂಗೆ ಥಳಿ ಹೊಡೆಯೋದು. ಮುಂದೆ ಥಳಿ ಹೊಡೆದರೆ ಒರೆಸಿದ ಗಾಜಿಗೆ ಧೂಳು ಬೇಗ ಕೂರಲ್ಲ ಅನ್ನೋ ಲಾಭವೂ ಉಂಟು. ತಳದಲ್ಲಿ ಉಳಿದ ಮಣ್ಣನ್ನು ಚರಂಡಿಗೆ ಸುರಿದರೆ ಚರಂಡಿ ಕಟ್ಟುತ್ತೆ. ಬಯಲಲ್ಲಿ ಒಂದು ಮೂಲೆಗೆ ಹಾಕೋದು ಸರಿ. ಸೋಪು, ವಿನೆಗರ್ ಇರೋ ನೀರನ್ನು ಹಳ್ಳಕ್ಕೆ, ದನ ನೀರು ಕುಡಿಯೋ ಜಾಗಕ್ಕೆ ಚೆಲ್ಲಬಾರದು.

ಅಷ್ಟಕ್ಕೂ ನೀರು ಯಾರದು?

ಮೇಲಿನದೆಲ್ಲ ಗೊತ್ತಿದ್ದರೂ ಬಕೆಟ್ ತುಂಬಿಸೋಕೆ ನಳ ಇಲ್ಲದಿದ್ದರೆ ಏನೂ ನಡೆಯೋದಿಲ್ಲ. ರಸ್ತೆ ಬದಿಯ ಎಷ್ಟೋ ಬಾಡಿಗೆ ಮಳಿಗೆಗಳಲ್ಲಿ ನೀರಿನ ವ್ಯವಸ್ಥೆಯೇ ಇರೋದಿಲ್ಲ. ಆಗ ಪಕ್ಕದ ಹೋಟೆಲ್, ಹಿಂದಿನ ಮನೆಯ ಸಂಪು, ಕಾಂಪ್ಲೆಕ್ಸ್‌ನ ಸಿಂಟೆಕ್ಸ್, ಹೀಗೆ ಕೇಳ್ಕೊಂಡು ಹೋಗಬೇಕು. ಕರೆಂಟ್ ಇಲ್ಲದಿದ್ದರೆ ಮೋಟರ್ ಇಲ್ಲ, ಮೋಟರ್ ಇಲ್ಲದಿದ್ದರೆ ನೀರಿಲ್ಲ. ಕೊನೆಗೆ ಮನೆಯಲ್ಲಿ ಹಿಡಿದಿಟ್ಟ ನೀರನ್ನೇ ಕ್ಯಾನ್‌ನಲ್ಲಿ ತುಂಬಿಕೊಂಡು ಬೈಕ್ ಮೇಲೆ ತರೋ ಪರಿಸ್ಥಿತಿ. ಆ ನೀರಿಗೆ, ಅದನ್ನು ತರೋ ಹೊತ್ತಿಗೆ ಕೂಲಿಯಲ್ಲಿ ಒಂದು ಪೈಸೆಯೂ ಇರೋದಿಲ್ಲ.

ಯಾರ ಬಕೆಟ್ ಯಾರ ಸಂಪಿಗೆ ಇಳೀಬಹುದು ಅನ್ನೋ ಪ್ರಶ್ನೆಯೂ ನಮ್ಮ ಭಾಗದಲ್ಲಿ ಪೂರ್ತಿ ಸತ್ತಿಲ್ಲ. ಸಾರ್ವಜನಿಕ ನಳ, ಬಾವಿ, ಕೆರೆಯ ನೀರು ತಗೊಳ್ಳೋಕೆ ಅಸ್ಪೃಶ್ಯತೆಯ ಹೆಸರಲ್ಲಿ ಅಡ್ಡ ಬರೋದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಖಾಸಗಿ ಸಂಪಾದರೂ ಕೆಲಸಕ್ಕೆ ಕರೆದವರೇ ಒಂದು ಪೈಪ್ ಅಥವಾ ನಳ ತೋರಿಸಿಬಿಟ್ಟರೆ ಯಾರೂ ಯಾರ ಮುಂದೆಯೂ ಕೈಯೊಡ್ಡಿ ನಿಲ್ಲಬೇಕಿಲ್ಲ. ಕೊಳಕು ಬಕೆಟ್ ಸಂಪಿಗೆ ಮುಳುಗೋದೂ ತಪ್ಪುತ್ತೆ.

ಕುಡಿಯೋ ನೀರಿನ ಮಾತೂ ಇಲ್ಲೇ ಬರಬೇಕು. ರಾಯಚೂರು ಜಿಲ್ಲೆಯ ಹಲವು ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗೆ ಹಾನಿ. ಟಿಡಿಎಸ್ ಮೀಟರ್ ಫ್ಲೋರೈಡ್ ತೋರಿಸೋದಿಲ್ಲ, ಕುದಿಸಿದರೂ ಅದು ಹೋಗೋದಿಲ್ಲ. ಬಿಸಿಲಲ್ಲಿ ಕೆಲಸ ಮಾಡಿ ದಣಿದವರು ಬಕೆಟ್ ತುಂಬಿಸಿದ ಅದೇ ಬೋರ್ ನಳಕ್ಕೆ ಬಾಯಿ ಹಚ್ಚೋದು ನಿಲ್ಲಬೇಕು. ಅಂಗಡಿಯಲ್ಲಿ ಗಿರಾಕಿಗೆ ಇಟ್ಟಿರೋ ಕ್ಯಾನ್‌ನಿಂದ ಒಂದು ಲೋಟ ನೀರು ಒರೆಸೋರಿಗೂ ಸಿಗಬೇಕು.

ಕೂಲಿ ಮಾತಾಡೋ ಮೊದಲು ಈ ನಾಲ್ಕು ಕೇಳಿ

ಕೆಲಸಕ್ಕೆ ಹೋಗೋರು ರೇಟು ಹೇಳೋ ಮೊದಲು ಕೇಳಬೇಕಾದ್ದು ಇಷ್ಟು.

1. ನೀರು ನಿಮ್ಮದೋ, ನಾವೇ ತರಬೇಕೋ? ನಾವೇ ತರೋದಾದರೆ ಅದರ ಹಣ ಬೇರೆ.

2. ನಳ ಎಲ್ಲಿದೆ, ಗಾಜು ಎಷ್ಟನೇ ಮಹಡಿಯಲ್ಲಿದೆ? ಹೊತ್ತು ಹತ್ತೋ ನೀರೂ ಕೆಲಸವೇ.

3. ನೀರು ಬೋರಿನದ್ದೋ, ನಳದ್ದೋ? ಸವಳಾದರೆ ಕೊನೆಯ ಕೈಗೆ ಸಿಹಿ ನೀರು ಯಾರು ಕೊಡ್ತಾರೆ?

4. ಕೊಳೆ ನೀರು ಎಲ್ಲಿ ಚೆಲ್ಲಬೇಕು?

ಅಂಗಡಿಯವರಿಗೂ ಇದರಿಂದ ಲಾಭವೇ. ಎರಡು ಬಕೆಟ್‌ಗೆ ಆಗುವಷ್ಟು ನೀರು, ಅರ್ಧ ಲೀಟರ್ ಆರ್‌ಒ ನೀರು ಮೊದಲೇ ತೆಗೆದಿಟ್ಟರೆ ಒಂದೇ ಸಲಕ್ಕೆ ಗಾಜು ಹೊಳೆಯುತ್ತೆ, ಎರಡನೇ ಸಲ ಕರೆಸೋ ತಾಪತ್ರಯ ಇಲ್ಲ. ಅದನ್ನು ಕೊಡದೆ ಬಿಳಿ ಕಲೆಗೆ ಕೂಲಿ ಕಡಿಮೆ ಮಾಡಿದರೆ, ಬೋರಿನ ಸವಳಿಗೆ ಬಡವರ ಜೇಬಿನಿಂದ ದಂಡ ಕಟ್ಟಿಸಿದಂಗೆ ಆಗುತ್ತೆ. ಹಬ್ಬದ ಸೀಸನ್ ಶುರುವಾಗೋ ಮುಂಚೆಯೇ ಎರಡೂ ಕಡೆಯವರು ಈ ಮಾತು ಮುಗಿಸಿಕೊಂಡರೆ ಒಳ್ಳೇದು.